ಹೊಳ್ಳಿ ಬಂದ ಮುತ್ಯಾ

ಬಚ್ಚಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಕಾಳವ್ವ ಸರಕ್ಕನೆ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆ ಮನೆಯಲ್ಲಿ ಅವಳು ಸೆರಗು ಹೊದ್ದುಕೊಳ್ಳಬೇಕಾದ ಒಬ್ಬನೇ ಗಂಡಸು ತೀರಿಕೊಂಡು ಐದು ವರ್ಷ ದಾಟಿತ್ತು. ಬಾಗಿಲು ತೆರೆದು ಹೊರಗೆ ಬಂದದ್ದು ಅವಳ ಮೊಮ್ಮಗ. ನಾಲ್ಕೂವರೆ ವರ್ಷ, ಒದ್ದೆ ಚಡ್ಡಿ, ಕೈಯಲ್ಲೊಂದು ಪ್ಲಾಸ್ಟಿಕ್ ಮೊಸಳೆ.

"ಕೇಳಿದೇನ?" ಎಂದು ಕಾಳವ್ವ ಮಗನ ಕಡೆ ತಿರುಗಿದಳು. "ಥೇಟ್ ಅವರಽ."

ಸ್ವಪ್ನಿಲ್ ಕೇಳಿಸಿಕೊಂಡಿದ್ದ. ಭಾನುವಾರದ ಚಹಾ ಕುಡಿಯುತ್ತ ಕಾಲು ಚಾಚಿ ಕೂತವನು ಆ ಸದ್ದಿಗೆ ತನಗೇ ಗೊತ್ತಿಲ್ಲದೆ ಕಾಲು ಮಡಚಿಕೊಂಡಿದ್ದ. ಮೂವತ್ತೆಂಟು ವರ್ಷದ ಗಂಡಸು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹತ್ತು ಲಾರಿಗಳ ಡ್ರೈವರುಗಳನ್ನು ಗದರಿಸಿ ಕೆಲಸ ತೆಗೆಯುವವನು, ಸ್ವಂತ ಮಗ ಕೆಮ್ಮಿದ್ದಕ್ಕೆ ಹೆದರಿದ. ಹೆದರಿದ್ದು ಯಾರಿಗೂ ಕಾಣದಿರಲೆಂದು ಪೇಪರು ಎತ್ತಿ ಮುಖಕ್ಕೆ ಹಿಡಿದುಕೊಂಡ.

ಅವನ ಅಪ್ಪ ಚನ್ನಪ್ಪ ವಿಜಯಪುರದ ಕಡೆಯಿಂದ ಬಂದು ಠಾಣೆ ಶಹರದ ಪಕ್ಕದ ಕಳವಾ ಊರಿನ ರೈಲ್ವೆ ಕಾರ್ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಫಿಟರಾಗಿದ್ದವನು. ಗಾಡಿಗಳ ಸದ್ದಿನ ಮೇಲೆ ಕೂಗಿ ಕೂಗಿ ದಪ್ಪವಾದ ಗಂಟಲು, ಮೂಗಿನ ತುದಿಯಲ್ಲೇ ಸಿಟ್ಟು. ಅವನು ಹೋದ ಹತ್ತು ತಿಂಗಳಿಗೆ ಸೊಸೆ ಸೌಭಾಗ್ಯ ಗಂಡುಮಗು ಹೆತ್ತಳು. ಇನ್ನು ಕೇಳಬೇಕೆ? ನಮ್ಮ ಬಡಗಣದ ಮನೆಗಳಲ್ಲಿ ಇಂಥದ್ದಕ್ಕೆ ಪಂಚಾಂಗ ತೆಗೆಯುವುದಿಲ್ಲ. "ಮುತ್ಯಾ ಹೊಳ್ಳಿ ಬಂದಾನ" ಎಂದು, ಅಜ್ಜನೇ ತಿರುಗಿ ಹುಟ್ಟಿ ಬಂದಿದ್ದಾನೆಂದು, ತೊಟ್ಟಿಲ ಸುತ್ತಲಿನ ಹೆಂಗಸರು ಹೇಳಿದರು, ಅದೇ ಹೆಸರಿಟ್ಟರು, ಮುಗಿಯಿತು. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಕಾಳವ್ವ ಕೂಸನ್ನು "ಯಜಮಾನ್ರು" ಎಂದಳು. ಮೊದಲ ತುತ್ತು ಅವರಿಗೆ, ಕಿಟಕಿ ಪಕ್ಕದ ಜಾಗ ಅವರಿಗೆ. ಮುದುಕಿಯ ಪ್ರೀತಿ, ನಾಲ್ಕು ಜನ ನಗುವ ಮಾತು, ಯಾರಿಗೇನು ನಷ್ಟ ಎಂದು ಎಲ್ಲರೂ ಸುಮ್ಮನಿದ್ದರು.

ನಗು ನಿಂತದ್ದು ಈಚಿನ ಆರು ತಿಂಗಳಲ್ಲಿ. ಹುಡುಗ ಎಳೆ ಬಿದಿರಿನ ಹಾಗೆ ಬೆಳೆಯತೊಡಗಿದ. ದೀಪಾವಳಿಗೆ ತಂದ ಪ್ಯಾಂಟು ಸಂಕ್ರಾಂತಿಗೆ ಮೊಣಕಾಲ ಕೆಳಗೇ ನಿಂತಿತು. ಹಣೆಯ ಮೇಲೆ ಮೊಡವೆ ಎದ್ದವು. ಮೇಲ್ದುಟಿಯ ಮೇಲೆ ಕಪ್ಪು ನವಿರು ಕಾಣಿಸಿತು. ಸೌಭಾಗ್ಯ ಮೊದಲು ಅದನ್ನು ಚಾಕಲೇಟು ಎಂದುಕೊಂಡು ಸೆರಗಿನಿಂದ ಒರೆಸಿದಳು, ಅದು ಹೋಗಲಿಲ್ಲ. ಆಡಿ ಬಂದರೆ ಮೈಯಿಂದ ಕೂಸಿನ ಬೆವರಲ್ಲ, ದುಡಿದು ಬಂದ ಗಂಡಸಿನ ಬೆವರು ನಾರುತ್ತಿತ್ತು. ಕಾಳವ್ವ ಆ ಅಂಗಿಯನ್ನು ಒಗೆಯಲು ಹಾಕದೆ ಮೂಗಿಗೆ ಹಿಡಿದು ಕೂತಿದ್ದನ್ನು ಸ್ವಪ್ನಿಲ್ ಒಂದು ಸಲ ನೋಡಿದ. ಅವಳ ಕಣ್ಣು ತುಂಬಿದ್ದವು. ಕೊನೆಗೆ ದನಿ ಇಳಿಯಿತು. ಎರಡು ವಾರ ನೆಗಡಿಯಾದಂತೆ ಒಡೆದು, ಆಮೇಲೆ ಬಾವಿಯೊಳಗಿಂದ ಬಂದಂತೆ ಕೆಳಗೆ ಹೋಗಿ ಅಲ್ಲೇ ನಿಂತಿತು.

ಈಗ ಸ್ವಪ್ನಿಲನ ಗುಟ್ಟನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗದು.

ಒಂದು ಕಾಲಕ್ಕೆ ಅವನು ಕಳವಾ ಸ್ಟೇಷನ್ನಿನಲ್ಲಿ ಓಡುವ ಗಾಡಿಗೆ ಕೈಹಾಕಿ ಹತ್ತುತ್ತಿದ್ದವನು. ಮೂವತ್ತೈದು ದಾಟಿದ್ದೇ ಮೈಯಲ್ಲಿ ಏನೋ ಇಂಗಿಹೋಯಿತು. ಠಾಣೆಯಲ್ಲಿ ಗಾಡಿ ಬದಲಿಸಿ ಪನ್ವೇಲ್ ಕಡೆಯ ಲೋಕಲ್ ಹಿಡಿದು ಆಫೀಸು ಮುಟ್ಟುವ ಹೊತ್ತಿಗೆ ಸಾಕೋ ಸಾಕು. ಸಂಜೆ ಬಂದರೆ ಮಾತು ಬೇಡ, ಹೆಂಡತಿ ಬೇಡ. ಎರಡನೆಯ ಮಗು ಬೇಕೆಂದು ಸೌಭಾಗ್ಯ ಎರಡು ವರ್ಷದಿಂದ ಕಾಯುತ್ತಿದ್ದಳು, ಆಗಿರಲಿಲ್ಲ. ಡಾಕ್ಟರರ ಹತ್ತಿರ ಹೋಗಿ ಇದನ್ನೆಲ್ಲ ಹೇಳುವುದೆಂದರೆ ಸ್ವಪ್ನಿಲನಿಗೆ ಪ್ರಾಣಸಂಕಟ. ಚನ್ನಪ್ಪನ ಮಗ, ಅವನ ಗಂಡಸುತನಕ್ಕೇನಾಗಿದೆ? ಆಫೀಸಿನ ಕೌಶಲ್ ಎಂಬವನು ಜಿಮ್ಮಿಗೆ ಹೋಗುತ್ತಿದ್ದ. ಅವನು ಒಂದು ಬಿಳಿ ಡಬ್ಬಿ ತಂದುಕೊಟ್ಟ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ, ಶಕ್ತಿವರ್ಧಕ ಎಂಬ ಒಂದು ಮಾತು, ಮತ್ತೇನೂ ಇಲ್ಲ. ಒಳಗೆ ನೀರಿನಂಥ ಜೆಲ್ಲು. ಹೆಗಲಿಗೂ ಎದೆಗೂ ಹಚ್ಚು, ಅರ್ಧ ತಾಸು ಅಂಗಿ ಹಾಕಬೇಡ, ಅಷ್ಟೇ ಎಂದ ಕೌಶಲ್.

ಜೆಲ್ಲು ಕೆಲಸ ಮಾಡಿತು, ಅದೇ ದೊಡ್ಡ ಕೇಡಾಯಿತು. ಮೂರು ವಾರದಲ್ಲಿ ಸ್ವಪ್ನಿಲ್ ಮೆಟ್ಟಿಲನ್ನು ಎರಡೆರಡಾಗಿ ಹತ್ತತೊಡಗಿದ. ಒಂದು ಸಲ ಹಚ್ಚುವುದನ್ನು ಎರಡು ಸಲ ಮಾಡಿದ. ಡಬ್ಬಿಯನ್ನು ತನ್ನ ಶೇವಿಂಗ್ ಸಾಮಾನಿನ ಚೀಲದಲ್ಲಿ ಬಚ್ಚಿಟ್ಟ. ಸಂಜೆ ಆಫೀಸಿನಿಂದ ಬಂದು ಸ್ನಾನ ಮಾಡಿ, ಹಚ್ಚಿಕೊಂಡು, ಬರಿಮೈಯಲ್ಲಿ ಫ್ಯಾನಿನ ಕೆಳಗೆ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದ. ಒಂದು ಕೋಣೆ, ಒಂದು ಅಡುಗೆಮನೆ, ಕಳವಾ ಊರಿನ ಸೆಕೆ. ಅಂಗಿ ಹಾಕಿ ಮಲಗುವ ಗಂಡಸು ಆ ಸಾಲುಮನೆಗಳಲ್ಲೇ ಇರಲಿಲ್ಲ. ಮಗ ಬಂದು ಅವನ ಎದೆಯ ಮೇಲೆ ಬೋರಲು ಬಿದ್ದು, ಹೆಗಲಿಗೆ ಕೆನ್ನೆಯೊತ್ತಿ ಮೊಬೈಲು ನೋಡುತ್ತ ನಿದ್ದೆ ಹೋಗುತ್ತಿದ್ದ. ಊಟಕ್ಕೆ ಎಬ್ಬಿಸುವವರೆಗೂ ಅಪ್ಪ ಮಗ ಹಾಗೇ ಅಂಟಿಕೊಂಡು ಮಲಗಿರುತ್ತಿದ್ದರು. ಎಂಟು ತಿಂಗಳು, ದಿನಾ.

ಫೆಬ್ರವರಿಯಲ್ಲಿ ಬಾಲವಾಡಿಯ ಟೀಚರು ಸಂಜನಾ ಸೌಭಾಗ್ಯಳನ್ನು ಕರೆಸಿದರು. ಹುಡುಗ ಒಬ್ಬನನ್ನು ನೂಕಿ ಹಲ್ಲು ಮುರಿದಿದ್ದ. ಟೀಚರು ಅದಕ್ಕೆ ಹೆಚ್ಚು ಬೈಯಲಿಲ್ಲ. ಹುಡುಗನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, "ಯಾಚಂ ವಯ ನಕ್ಕೀ ಕಿತೀ?" ಎಂದು ಕೇಳಿದರು. ನಿಜವಾದ ವಯಸ್ಸೆಷ್ಟು? ಜನನ ಪತ್ರ ಮತ್ತೊಮ್ಮೆ ತನ್ನಿ ಎಂದರು. ಉಳಿದ ಮಕ್ಕಳು ಅವನ ಪಕ್ಕ ಕೂರಲು ಹೆದರುತ್ತಿವೆ ಎನ್ನುವಾಗ ಅವರೂ ಬಾಗಿಲ ಕಡೆ ನೋಡಿಕೊಂಡರಂತೆ.

"ದವಾಖಾನಿಗೆ ತೋರಸೂಣ್ರಿ" ಎಂದಳು ಸೌಭಾಗ್ಯ ಮನೆಗೆ ಬಂದು.

"ಏನ್ ತೋರಸ್ತಿ?" ಕಾಳವ್ವ ನಡುವೆ ಬಾಯಿ ಹಾಕಿದಳು. "ಹೊಳ್ಳಿ ಬಂದವರನ್ನ ಡಾಕ್ಟರ್ ಕಡೆ ಒಯ್ದು ಏನಂತ ಹೇಳ್ತಿ? ಮಾಪಣ್ಣನ್ನ ಕರಸ್ತೀನಿ. ಅಂವಾ ಹೇಳಲಿ."

ಮಾಪಣ್ಣ ಶೆಡ್ಡಿನಲ್ಲಿ ಚನ್ನಪ್ಪನ ಜೊತೆಗಾರ, ರಿಟೈರಾಗಿ ಡೊಂಬಿವಲಿಯಲ್ಲಿದ್ದ. ಮುಂದಿನ ಭಾನುವಾರ ಬೆಳಿಗ್ಗೆ ಬಂದ. ಹುಡುಗ ಕಿಟಕಿ ಪಕ್ಕದ ತನ್ನ ಜಾಗದಲ್ಲಿ ಒಂದು ಮೊಣಕಾಲು ಎತ್ತಿ ಕೂತಿದ್ದ. ಕಾಳವ್ವ ಟ್ರಂಕಿನಿಂದ ತೆಗೆದುಕೊಟ್ಟ ಚನ್ನಪ್ಪನ ಕೈಗಡಿಯಾರ ಅವನ ಕೈಯಲ್ಲಿ ಮೊಣಕೈವರೆಗೂ ಜಾರುತ್ತಿತ್ತು. ಮಾಪಣ್ಣ ನಗುತ್ತಲೇ ಎದುರು ಕೂತ.

"ಏನ್ರಿ ಫಿಟರ್ ಸಾಹೇಬ್ರ, ನಾವಿಬ್ಬರೂ ಮಧ್ಯಾಹ್ನ ಬುತ್ತಿ ಎಲ್ಲಿ ಬಿಚ್ಚತಿದ್ದಿವಿ?"

"ಗಾಡಿ ಬುಡಕ" ಎಂದ ಹುಡುಗ, ಆ ದನಿಯಲ್ಲಿ. "ಕುಣಿಯಾಗ. ತಂಪ ಇರತಿತ್ತು."

ಮಾಪಣ್ಣನ ನಗು ಮುಖದ ಮೇಲೇ ಒಣಗಿತು. ಗಾಡಿಯಡಿಯ ರಿಪೇರಿ ಗುಂಡಿಯಲ್ಲಿ ಕೂತು ಉಂಡದ್ದು, ದಿನಾ ಕಾಳವ್ವ ಮೊಮ್ಮಗನಿಗೆ ಅನ್ನ ಕಲಸಿ ತಿನ್ನಿಸುವಾಗ ಹೇಳುತ್ತಿದ್ದ ಕಥೆ, ಸ್ವಪ್ನಿಲನಿಗೆ ಚೆನ್ನಾಗಿ ಗೊತ್ತು. ಮೈಯನ್ನು ಸ್ವಪ್ನಿಲ್ ಕೊಡುತ್ತಿದ್ದ, ಉಳಿದದ್ದನ್ನು ಕಾಳವ್ವ ತುಂಬುತ್ತಿದ್ದಳು. ಇಬ್ಬರೂ ಕೂಡಿ ಏನನ್ನು ಎಬ್ಬಿಸುತ್ತಿದ್ದೇವೆ ಎಂಬ ಅರಿವು ಇಬ್ಬರಿಗೂ ಇರಲಿಲ್ಲ. ಕಥೆ ಗೊತ್ತಿದ್ದರೂ ಸ್ವಪ್ನಿಲನ ತೋಳಿನ ಕೂದಲು ನಿಮಿರಿದವು. ಅರವತ್ತೇಳು ವರ್ಷದ ಮಾಪಣ್ಣ ಮುಂದಕ್ಕೆ ಬಾಗಿ ನಾಲ್ಕೂವರೆ ವರ್ಷದವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

ಹುಡುಗ ಅದನ್ನು ನೋಡಿದ. ಆಮೇಲೆ ನಿಧಾನವಾಗಿ ತಂದೆಯ ಕಡೆ ಕತ್ತು ತಿರುಗಿಸಿದ.

"ಏ ಸ್ವಪ್ನ್ಯಾ, ನೀರ ತಾ."

ಹಾಗೆ ಅವನನ್ನು ಕರೆಯುತ್ತಿದ್ದವನು ಅವನ ಅಪ್ಪ ಒಬ್ಬನೇ. ಸ್ವಪ್ನಿಲ್ ಎದ್ದ. ಒಳಗೆ ಹೋದ. ತಂಬಿಗೆ ತುಂಬಿ ತಂದು, ಎರಡೂ ಕೈಯಿಂದ ಮಗನ ಮುಂದಿಟ್ಟ. ಯಾರೂ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಸೌಭಾಗ್ಯ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ಸ್ವಪ್ನಿಲ್ ಹಿಂದೆ ಹೋದರೆ ಗ್ಯಾಸಿನ ಒಲೆಯ ಮುಂದೆ ನಿಂತು ಅಳುತ್ತಿದ್ದಳು.

"ಅತ್ತೀಗೆ ಗಂಡ ಸಿಕ್ಕ. ನಿಮಗ ಅಪ್ಪ ಸಿಕ್ಕ. ನನ್ನ ಕೂಸು ಎಲ್ಲಿ ಹೋತ್ರಿ?"

ಸ್ವಪ್ನಿಲ್ ಮರುದಿನವೇ ರಜೆ ಹಾಕಿದ.

ಠಾಣೆಯ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಮುಕ್ತಾ ಉಡುಪಿ ಕಡೆಯವರು. ಕನ್ನಡ ಕೇಳಿ ಖುಷಿಪಟ್ಟವರು ಹುಡುಗನನ್ನು ನೋಡಿದ್ದೇ ಕುರ್ಚಿ ಬಿಟ್ಟು ಎದ್ದು ಬಂದರು. ಎತ್ತರ ಅಳೆದರು, ಹಲ್ಲು ನೋಡಿದರು, ಪರದೆಯ ಹಿಂದೆ ಮಲಗಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದರು.

"ಇಷ್ಟು ದಿನ ಯಾಕೆ ಕರ್ಕೊಂಡು ಬರ್ಲಿಲ್ಲ ಮಾರಾಯ್ರೆ? ಹದಿಮೂರು ವರ್ಷಕ್ಕೆ ಆಗಬೇಕಾದ್ದು ಈಗಲೇ ಶುರುವಾಗಿದೆ. ಮನೆಯಲ್ಲಿ ಯಾರಾದ್ರೂ ಹಾರ್ಮೋನಿನ ಮುಲಾಮು, ಜೆಲ್ಲು, ಶಕ್ತಿಗೆ ಅಂತ ಏನಾದ್ರೂ ಹಚ್ಚಿಕೊಳ್ತೀರಾ? ದೊಡ್ಡವರ ಮೈಗೆ ಹಚ್ಚಿದ್ದು ಮಕ್ಕಳ ಮೈಗೆ ಇಳೀತದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸ್ವಪ್ನಿಲನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. ಪಕ್ಕದಲ್ಲಿ ಸೌಭಾಗ್ಯ ಇದ್ದಳು, ಹಿಂದಿನ ಸ್ಟೂಲಿನ ಮೇಲೆ ಕಾಳವ್ವ. ಯಾತಕ್ಕೆ ಹಚ್ಚುತ್ತಿದ್ದೆ ಎಂದು ಹೆಂಡತಿ ಕೇಳಿದರೆ? ತಾಯಿಯ ಎದುರಿಗೆ?

"ಇಲ್ರಿ ಮೇಡಂ" ಎಂದ. "ಅಂಥಾದ್ದೇನೂ ಇಲ್ಲ."

ವಾರದ ಮೇಲೆ ರಿಪೋರ್ಟು ಬಂತು. ಹುಡುಗನ ರಕ್ತದಲ್ಲಿ ದೊಡ್ಡ ಗಂಡಸಿನಷ್ಟು ಹಾರ್ಮೋನು. ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಗೆ ಎಂಟು ವರ್ಷ. ಮನೆಯಲ್ಲಿ ಯಾರೂ ಏನೂ ಹಚ್ಚುವುದಿಲ್ಲ ಎಂದಮೇಲೆ ಹೊಟ್ಟೆಯೊಳಗೆ ಗಡ್ಡೆ ಇರಬಹುದು, ಹುಡುಗನಿಗೆ ಮಂಪರು ಬರಿಸಿ ಸ್ಕ್ಯಾನ್ ಮಾಡಲೇಬೇಕು ಎಂದರು ಮುಕ್ತಾ. ಗಡ್ಡೆ ಎಂಬ ಮಾತು ಕೇಳಿ ಸೌಭಾಗ್ಯ ಕುರ್ಚಿಯ ಕೈ ಹಿಡಿದುಕೊಂಡಳು.

ಸ್ವಪ್ನಿಲ್ ಕೌಶಲನಿಗೆ ಫೋನು ಮಾಡಿದ. "ಅರೆ ಯಾರ್, ಜಡಿಬೂಟಿ ಹೈ" ಎಂದು ಅವನು ನಕ್ಕ, ಬರೀ ಗಿಡಮೂಲಿಕೆಯಂತೆ. ಡಬ್ಬಿಯೊಳಗೆ ಏನಿದೆಯೆಂದು ಅವನಿಗೂ ಗೊತ್ತಿರಲಿಲ್ಲ, ಅವನಿಗೆ ಕೊಟ್ಟವನಿಗೂ ಗೊತ್ತಿರಲಿಕ್ಕಿಲ್ಲ. ಸ್ವಪ್ನಿಲ್ ಎರಡು ದಿನ ಜೆಲ್ಲು ಬಿಟ್ಟ. ಮೂರನೆಯ ದಿನ ಮೈ ಒದ್ದೆ ಗೋಣಿಚೀಲದಂತಾಯಿತು, ತಲೆ ಸಿಡಿಯಿತು, ಠಾಣೆಯ ಸೇತುವೆ ಹತ್ತುವಾಗ ಕಣ್ಣಿಗೆ ಕತ್ತಲೆ ಬಂತು. ಅಂದು ಸಂಜೆ ಬಚ್ಚಲ ಬಾಗಿಲು ಹಾಕಿಕೊಂಡು ಮತ್ತೆ ಹಚ್ಚಿಕೊಂಡ. ಹುಡುಗನನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಅಷ್ಟು ಸಾಕಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒರಗಿದವನಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಎದೆಯ ಮೇಲೆ ಭಾರ. ಹುಡುಗ ಎಂದಿನಂತೆ ಬೋರಲು ಮಲಗಿದ್ದ, ಆದರೆ ನಿದ್ದೆ ಹೋಗಿರಲಿಲ್ಲ. ಗದ್ದವನ್ನು ತಂದೆಯ ಎದೆಗೂರಿ, ಒಂದೇ ಸಮ ಅವನ ಮುಖ ನೋಡುತ್ತಿದ್ದ. ನೋಟದಲ್ಲಿ ಮಗನಾಗಲಿ ಅಪ್ಪನಾಗಲಿ ಯಾರೂ ಇರಲಿಲ್ಲ. ಸ್ವಪ್ನಿಲ್ ಅವನನ್ನು ನೂಕಿ ಎದ್ದು ಕೂತ.

ಅಂದು ಅವನಿಗೆ ಎಲ್ಲ ಗೊತ್ತಾಗಿತ್ತು. ಆದರೂ ಹೇಳಲಿಲ್ಲ. ಗಡ್ಡೆಯೇ ಇರಲಿ, ಕೊಯ್ದು ತೆಗೆದರೆ ಮುಗಿಯುತ್ತದೆ, ನನ್ನ ಮೇಲೆ ಬಾರದಿರಲಿ ಎಂದು ಅವನ ಮನಸ್ಸಿನ ಒಂದು ಮೂಲೆ ಬೇಡಿಕೊಂಡಿತು. ಬೇಡಿಕೊಂಡದ್ದು ತಿಳಿದು ಅವನಿಗೇ ತನ್ನ ಮೇಲೆ ಹೇಸಿಕೆಯಾಯಿತು. ಇಂಥ ತಂದೆಗೆ ಏನೆನ್ನಬೇಕು? ನನಗಂತೂ ಬಾಯಿ ಬರುವುದಿಲ್ಲ, ಏಕೆಂದರೆ ಮಾನಕ್ಕಂಜಿ ಸುಳ್ಳು ಹೇಳದ ಗಂಡಸನ್ನು ನಾನಿನ್ನೂ ನೋಡಿಲ್ಲ.

ಸ್ಕ್ಯಾನಿನ ದಿನ ಬೆಳಿಗ್ಗೆ ಎಂಟಕ್ಕೇ ಹೋದರು. ಹುಡುಗನಿಗೆ ಹಸಿರು ಗೌನು ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದರು. ಮಂಪರಿನ ಔಷಧಿ ಕೊಡಲು ನರ್ಸು ಕೈಯಲ್ಲಿ ನರ ಹುಡುಕತೊಡಗಿದಾಗ ಅವನು ಕೂಗಿಕೊಂಡ. ಸಾಲಿನಲ್ಲಿ ಕೂತಿದ್ದವರೆಲ್ಲ ಯಾವ ಗಂಡಸು ಅಳುತ್ತಿದ್ದಾನೆಂದು ತಿರುಗಿ ತಿರುಗಿ ನೋಡಿದರು.

"ಸೂಜಿ ಅಂದ್ರ ಅವರಿಗೆ ಮೊದಲಿಂದಽ ಅಂಜಿಕಿ" ಎಂದು ಕಾಳವ್ವ ನರ್ಸಿನ ಕೈ ಹಿಡಿದಳು. "ಸಾಯೂ ಮುಂದಾನೂ ಹಿಂಗಽ ಒದರಿದ್ರವ್ವಾ. ಬಿಡವ್ವಾ ಅವರನ್ನ."

ಹುಡುಗ ಅಜ್ಜಿಯ ಕಡೆ ನೋಡಲಿಲ್ಲ. ಅವನ ಕಣ್ಣು ಸ್ವಪ್ನಿಲನನ್ನು ಹುಡುಕಿ ಹಿಡಿದವು. ಬೆರಳು ಚಾಚಿ, ಬಿಕ್ಕುತ್ತ, ಕರೆದ.

"ಅಪ್ಪಾ! ನನ್ನ ಎತಗೋ ಅಪ್ಪಾ!"

ಯಾವ ದನಿ ಹುಟ್ಟಿದಾಗಿನಿಂದ ಅವನನ್ನು ನಡುಗಿಸಿತ್ತೋ, ಕೊನೆಯ ದಿನ ಹೀಗೆಯೇ ಆಸ್ಪತ್ರೆಯ ಮಂಚದ ಮೇಲೆ ಕೂಗಿ ನಿಂತಿತ್ತೋ, ಆ ದನಿ ಈಗ ಅವನನ್ನು ಅಪ್ಪಾ ಎಂದು ಬೇಡುತ್ತಿತ್ತು. ಸ್ವಪ್ನಿಲ್ ಗಾಲಿಮಂಚದ ಕಂಬಿ ಹಿಡಿದ.

"ನಿಲ್ಲಸ್ರಿ" ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. "ಏ, ನಿಲ್ಲಸ್ರಿ! ನಾ ಹಚಗೋತೀನಿ. ಎಂಟ ತಿಂಗಳಾತು. ನಾನಽ ಹಚಗೋತೀನ್ರಿ!"

ಮುಕ್ತಾ ಡಾಕ್ಟರು ಹೊರಗೆ ಬಂದರು. ಅವನು ಚೀಲದಿಂದ ಡಬ್ಬಿ ತೆಗೆದುಕೊಟ್ಟ. ಬಿಟ್ಟಿರಲಾರದೆ ಆಸ್ಪತ್ರೆಗೂ ಅದನ್ನು ತಂದಿದ್ದ. ಎಲ್ಲವನ್ನೂ ಹೇಳಿದ. ಹೇಳುವಾಗ ಸೌಭಾಗ್ಯಳ ಕಡೆ ನೋಡುವ ಧೈರ್ಯ ಆಗಲಿಲ್ಲ. ಮುಕ್ತಾ ಡಬ್ಬಿಯನ್ನು ತಿರುಗಿಸಿ ನೋಡಿದರು.

"ಎಲೆಯ ಚಿತ್ರ ಹಾಕಿದ್ರೆ ಔಷಧ ಆಗ್ತದಾ?" ಎಂದರು. "ಮೊದಲ ದಿನವೇ ಕೇಳಿದ್ದೆ ನಾನು. ನೀವು ಇಲ್ಲ ಅಂದ್ರಿ. ಇದನ್ನು ಹಚ್ಚಿಕೊಂಡ್ರೆ ನಿಮ್ಮ ಮೈ ತನ್ನ ಕೆಲಸವನ್ನೇ ನಿಲ್ಲಿಸ್ತದೆ, ಎರಡನೇ ಮಗು ಬೇಕು ಅಂತಿದ್ದವರಿಗೆ ಅದೂ ಕಷ್ಟ. ಸ್ಕ್ಯಾನ್ ಈಗ ಬೇಡ. ನಿಮ್ಮ ರಕ್ತವನ್ನೂ ನೋಡಬೇಕು. ನಾಳೆ ಬನ್ನಿ."

"ನನ್ನ ಕೂಸು?" ಎಂದಳು ಸೌಭಾಗ್ಯ. ಅವಳು ಕೇಳಿದ್ದು ಅಷ್ಟೇ.

ಡಾಕ್ಟರು ಮುಚ್ಚಿಡಲಿಲ್ಲ. ಮುಟ್ಟುವುದು ನಿಂತರೆ ಕೂದಲು, ಮೊಡವೆ, ಬೆವರಿನ ವಾಸನೆ, ಸಿಟ್ಟು ತಿಂಗಳುಗಳಲ್ಲಿ ಇಳಿಯುತ್ತವೆ. ಬೆಳೆದ ಮೂಳೆ ಹಿಂದಕ್ಕೆ ಹೋಗುವುದಿಲ್ಲ. ಈಗ ಎಲ್ಲರಿಗಿಂತ ಎತ್ತರವಿರುವವನು ದೊಡ್ಡವನಾದ ಮೇಲೆ ಗಿಡ್ಡನಾಗಿಯೇ ಉಳಿಯಬಹುದು. ಪ್ರಾಯವೂ ಬೇಗ ಬಂದುಬಿಡಬಹುದು, ವರ್ಷಗಟ್ಟಲೆ ನೋಡುತ್ತಿರಬೇಕು. ದನಿ ಮಾತ್ರ ಬದಲಾಗದು, ಅದು ಇನ್ನು ಹೀಗೆಯೇ.

ಕಾಳವ್ವ ಇಷ್ಟು ಹೊತ್ತು ಗೋಡೆಗೊರಗಿ ನಿಂತಿದ್ದಳು. ಮಗನನ್ನು ಬೈಯುತ್ತಾಳೆ ಎಂದು ಸ್ವಪ್ನಿಲ್ ಕಾದ. ಅವಳು ಡಾಕ್ಟರ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಹಂಗಾರ ಅವರು ಬಂದಿಲ್ಲೇನ್ರಿ?"

"ಯಾರಮ್ಮ?" ಎಂದರು ಡಾಕ್ಟರು.

ಸ್ವಪ್ನಿಲ್ ತಾಯಿಯ ಮುಖ ನೋಡಿದ. "ಇಲ್ಲವ್ವಾ" ಎಂದ. "ಯಾರೂ ಬಂದಿಲ್ಲ."

ಆ ದಿನ ಮಧ್ಯಾಹ್ನ ಕಳವಾ ಊರಿನ ಆ ಸಾಲುಮನೆಯಲ್ಲಿ ಕಾಳವ್ವ ನೆಲದ ಮೇಲೆ ಕಾಲು ಮಡಚಿ ಕೂತು ಅಳತೊಡಗಿದಳು. ಸುಮ್ಮನೆ ಕಣ್ಣೀರಲ್ಲ. ಊರಿನಲ್ಲಿ ಹೆಣದ ಮುಂದೆ ಕೂತು ಸತ್ತವರ ಒಂದೊಂದು ಗುಣ ಎತ್ತಿ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. ನನ್ನ ಕೈಬಿಟ್ಟು ಎರಡು ಸಲ ಹೋದೆಯಲ್ಲೋ ನನ್ನ ದೊರೆಯೇ ಎಂದು ಎದೆ ಬಡಿದುಕೊಂಡಳು. ಪಕ್ಕದ ಮನೆಯ ಶರಣಬಸಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು, ಅವಳ ಹಿಂದೆ ಇನ್ನೂ ನಾಲ್ಕು ಜನ ಬಾಗಿಲಲ್ಲಿ ಸೇರಿದರು.

"ಯಾರು ಹೋದ್ರು?" ಎಂದು ಶರಣಬಸಮ್ಮ ಸ್ವಪ್ನಿಲನನ್ನು ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಹುಡುಗ ತಾಯಿಯ ಕೈ ಬಿಡಿಸಿಕೊಂಡು ಹೋಗಿ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳ ಗಲ್ಲ ಹಿಡಿದೆತ್ತಿದ.

"ಅಳಬ್ಯಾಡ. ನಾ ಇಲ್ಲೇ ಅದೀನಿ" ಎಂದ.

ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಕಾಳವ್ವ ಎರಡೂ ಅಂಗೈಗಳಿಂದ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಹುಡುಗ ಇನ್ನೊಂದು ಸಲ ಹೇಳಿದ, ಮತ್ತೊಂದು ಸಲ ಜೋರಾಗಿ ಹೇಳಿದ. ಜೋರಾದಷ್ಟೂ ಅದು ಅವನ ಮುತ್ಯಾನದೇ ಆಗುತ್ತಿತ್ತು, ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದಳು. ಹುಟ್ಟಿದಂದಿನಿಂದ ಮೊದಲ ತುತ್ತು ತಿನ್ನಿಸಿದ ಅಜ್ಜಿ ತನ್ನ ಮುಖ ನೋಡದೆ ಹೋದದ್ದು ಅವನ ಬದುಕಿನಲ್ಲಿ ಅದೇ ಮೊದಲು. ಅವನ ತುಟಿ ಸೊಟ್ಟಗಾಯಿತು.

"ಅವ್ವಾ" ಎಂದ ಅಜ್ಜಿಯನ್ನು ತೋರಿಸಿ, ಸೌಭಾಗ್ಯಳ ಕಡೆ ತಿರುಗಿ, "ಆಯಿ ನನ್ನ ಕೂಡ ಯಾಕ ಮಾತಾಡವಲ್ಲಳು? ನಾ ಏನ್ ಮಾಡೀನಿ?"

ಸೌಭಾಗ್ಯ ಅವನನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು, ಅವನ ಉದ್ದನೆಯ ಕಾಲುಗಳು ಅವಳ ಮೊಣಕಾಲಿಗೆ ಬಡಿಯುತ್ತಿದ್ದವು. ಸ್ವಪ್ನಿಲ್ ಕೈ ಚಾಚಿದ. ಅವಳು ಮಗನ ತಲೆಯನ್ನು ತನ್ನ ಸೆರಗಿನೊಳಗೆ ಸೇರಿಸಿ, ಗಂಡನ ಮೈಗೆ ತಾಕದಂತೆ ಬಳಸಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿದಳು. ಶರಣಬಸಮ್ಮ ಇನ್ನೂ ಉತ್ತರಕ್ಕೆ ಕಾಯುತ್ತ ನಿಂತಿದ್ದಳು.